ಇಂಗ್ಲೆಂಡ್‌ನಲ್ಲಿ ಓನರ್ ನಮ್ಮ ಆಫರ್ ಒಪ್ಕೊಂಡ್ಮೇಲೂ ಮನೆನ ಬೇರೆಯವರಿಗೆ ಮಾರಬಹುದಾ?

ಮಾರಬಹುದು, ಕಾನೂನಲ್ಲಿ ತಡೆ ಇಲ್ಲ. 1989ರ ಕಾನೂನಿನ ಪ್ರಕಾರ ಮನೆ ಮಾರಾಟದ ಕರಾರು ಬರವಣಿಗೆಲಿ ಇರ್ಬೇಕು, ಎರಡೂ ಕಡೆಯವರ ಸಹಿ ಇರ್ಬೇಕು, ಹಾಗಾಗಿ ಆಫರ್ ಒಪ್ಕೊಳ್ಳೋದು ಬರೀ ಬಾಯಿಮಾತು ಅಷ್ಟೇ. ಎರಡೂ ಕಡೆ ಸಾಲಿಸಿಟರ್‌ಗಳು, ಅಂದ್ರೆ ವಕೀಲರು, ಸಹಿಯಾದ ಕರಾರನ್ನ ಅದಲು ಬದಲು ಮಾಡ್ಕೊಂಡಾಗ್ಲೇ ಅದು ಗಟ್ಟಿ ಆಗೋದು, ಇದಕ್ಕೆ ಎಕ್ಸ್‌ಚೇಂಜ್ ಅಂತಾರೆ, ಸಾಮಾನ್ಯವಾಗಿ 10% ಡೆಪಾಸಿಟ್ ಕೊಡೋದೂ ಆವಾಗ್ಲೇ. ಮನೆ ಮುಂದೆ ‘ಸೋಲ್ಡ್ ಎಸ್‌ಟಿಸಿ’ (ಸಬ್ಜೆಕ್ಟ್ ಟು ಕಾಂಟ್ರಾಕ್ಟ್) ಅಂತ ಬೋರ್ಡ್ ನೆಟ್ಟಿರ್ತಾರಲ್ಲ, ಅದರರ್ಥ ಕರಾರು ಇನ್ನೂ ಬಾಕಿ ಅಂತ.

ಆಫರ್ ಒಪ್ಪಿದಾಗಿನಿಂದ ಎಕ್ಸ್‌ಚೇಂಜ್ ಆಗೋವರೆಗೆ ತಿಂಗಳುಗಟ್ಟಲೆ ಹಿಡಿಯತ್ತೆ, ಯಾಕಂದ್ರೆ ಸರ್ವೆ (ಅಂದ್ರೆ ಮನೆ ಸ್ಥಿತಿಯ ತಪಾಸಣೆ), ಸಾಲ, ಕೌನ್ಸಿಲ್ ದಾಖಲೆಗಳ ಹುಡುಕಾಟ ಎಲ್ಲ ಆಗ್ಬೇಕು, ಜೊತೆಗೆ ನಿಮಗೆ ಮಾರೋರು ತಾವು ಇನ್ನೊಂದು ಮನೆ ಕೊಳ್ತಿರ್ತಾರೆ, ಆ ಮನೆಯವರು ಮತ್ತೊಂದು, ಈ ಚೈನ್‌ನಲ್ಲಿ ಒಬ್ಬರು ಕೈ ಎತ್ತಿದ್ರೂ ಎಲ್ಲರದ್ದೂ ನಿಲ್ಲತ್ತೆ. ಸಣ್ಣ ಏರಿಯಾದಲ್ಲಿ ಮಾರಾಟಕ್ಕೆ ಬರೋ ಮನೆಗಳೇ ಕಮ್ಮಿ, ಹೆಚ್ಚು ದುಡ್ಡು ಹಿಡ್ಕೊಂಡು ಇನ್ನೊಬ್ರು ಬರೋ ಭಯ ಇದ್ದೇ ಇರತ್ತೆ. ಸರ್ವೆಗೆ, ವಕೀಲರಿಗೆ ಕೊಟ್ಟ ದುಡ್ಡು ಬಹುಪಾಲು ವಾಪಸ್ ಬರಲ್ಲ, ನಿಜವಾಗ್ಲೂ ಹೊಟ್ಟೆ ಉರಿಯೋ ವಿಷಯ ಇದು. ಅದಕ್ಕೇ ಆಫರ್ ಒಪ್ಪಿದ ದಿನವೇ ಮನೆನ ಲಿಸ್ಟಿಂಗ್‌ನಿಂದ ತೆಗೆಸಿ ಅಂತ ಏಜೆಂಟ್‌ಗೆ ಇಮೇಲ್‌ನಲ್ಲೇ ಕೇಳಿ, ಸಾಧ್ಯವಾದ್ರೆ ಚೈನ್ ಇಲ್ಲದ ಮನೆನೇ ನೋಡಿ.