ಡಾಕ್ಟ್ರಮ್ಮನಿಗೆ ಕೇಳಿ: ಕಿವಿ ಕೆಳಗಿನ ನೋವಿಲ್ಲದ ಗಂಟು

ಪ್ರಶ್ನೆ: ಡಾಕ್ಟ್ರಮ್ಮನವರಿಗೆ ನಮಸ್ಕಾರ. ನಮ್ಮ ಯಜಮಾನರಿಗೆ 54 ವರ್ಷ. ಬಲಗಿವಿ ಹಾಲೆಯ ಕೆಳಗೆ ಅಡಿಕೆ ಗಾತ್ರದ ಗಂಟಿದೆ. ಕ್ಷೌರದವರು ಮೊದಲು ನೋಡಿ ಹೇಳಿದ್ದು, ಎರಡು ವರ್ಷದ ಮೇಲಾಯಿತು. ಮಂಗನಬಾವು ಇರಬೇಕೆಂದು ನಮ್ಮತ್ತೆ ಸುಣ್ಣ-ಬೆಲ್ಲ ಕಲಸಿ ಹಚ್ಚಿದರು, ಇಳಿಯಲಿಲ್ಲ. ಹಾಸನದಲ್ಲಿ ತೋರಿಸಿದಾಗ ಸೂಜಿ ಹಾಕಿ ಪರೀಕ್ಷೆ ಮಾಡಬೇಕು ಅಂದರು. ಸೂಜಿ ತಾಗಿದರೆ ಗಂಟು ಕೆರಳಿ ಕ್ಯಾನ್ಸರ್ ಆಗುತ್ತದೆ ಅಂತ ಊರಲ್ಲಿ ಹೆದರಿಸುತ್ತಾರೆ. ಇವರು ಬೀಡಿ, ಹೊಗೆಸೊಪ್ಪು ಮುಟ್ಟಿದವರಲ್ಲ. ‘ನೋವೇ ಇಲ್ಲವಲ್ಲ, ಕಾಫಿ ಕುಯ್ಲು ಮುಗಿಯಲಿ’ ಅನ್ನುತ್ತಾರೆ. ಏನು ಮಾಡಲಿ?
– ಹೆಸರು ಬೇಡ, ಸಕಲೇಶಪುರ ತಾಲ್ಲೂಕು

ಉತ್ತರ: ತಾಯಿ, ಕುಯ್ಲಿಗೆ ಕಾಯಬೇಡಿ. ಅರೇಬಿಕಾ ಮುಗಿದರೆ ರೊಬಸ್ಟಾ ಹಣ್ಣಾಗುತ್ತದೆ, ಅದು ಮುಗಿದರೆ ಮೆಣಸು. ತೋಟದ ಕೆಲಸಕ್ಕೆ ಕೊನೆ ಅಂತ ಇದೆಯೇ? ಈ ವಾರವೇ ಸೂಜಿ ಪರೀಕ್ಷೆ ಮಾಡಿಸಿ.

‘ನೋವಿಲ್ಲ’ ಅನ್ನುವ ಮಾತು ನನಗೆ ಸಮಾಧಾನ ಕೊಡುವುದಿಲ್ಲ. ಮಂಗನಬಾವು ನೋಯುತ್ತದೆ, ಜ್ವರ ತರುತ್ತದೆ, ಒಂದೆರಡು ವಾರದಲ್ಲಿ ಇಳಿಯುತ್ತದೆ. ಎರಡು ವರ್ಷ ಕೂತ ಗಂಟು ಅದಲ್ಲ. ಆ ಜಾಗದಲ್ಲಿರುವುದು ಪರೋಟಿಡ್ ಎಂಬ ಜೊಲ್ಲು ಗ್ರಂಥಿ, ನಮ್ಮ ಮೂರು ಜೋಡಿ ದೊಡ್ಡ ಜೊಲ್ಲು ಗ್ರಂಥಿಗಳಲ್ಲಿ ಎಲ್ಲಕ್ಕಿಂತ ದೊಡ್ಡದು. ಅಲ್ಲಿ ಏಳುವ ಗಡ್ಡೆ ಕ್ಯಾನ್ಸರ್ ಆಗಿರಲಿ, ಆಗದಿರಲಿ, ಶುರುವಿನಲ್ಲಿ ಸಾಮಾನ್ಯವಾಗಿ ನೋಯುವುದೇ ಇಲ್ಲ.

ಧೈರ್ಯದ ಮಾತೂ ಇದೆ. ಪರೋಟಿಡ್‌ನ ಗಡ್ಡೆಗಳಲ್ಲಿ 100ಕ್ಕೆ 75ರಿಂದ 80 ಕ್ಯಾನ್ಸರ್ ಅಲ್ಲ. ಹೆಚ್ಚಿನವು ಪ್ಲಿಯೋಮಾರ್ಫಿಕ್ ಅಡಿನೋಮಾ ಎಂಬ ಸಾಧು ಜಾತಿಯವು. ಆದರೆ ಈ ಹೆಸರು ರಿಪೋರ್ಟಿನಲ್ಲಿ ಬಂದರೆ ‘ಕ್ಯಾನ್ಸರ್ ಅಲ್ಲವಂತೆ’ ಎಂದು ಕಾಗದ ಮಡಚಿಟ್ಟು ಸುಮ್ಮನಾಗಬೇಡಿ. ವರ್ಷಗಟ್ಟಲೆ ಬಿಟ್ಟರೆ ಕೆಲವರಲ್ಲಿ ಇದೇ ಗಡ್ಡೆಯೊಳಗೆ ಕ್ಯಾನ್ಸರ್ ಹುಟ್ಟುತ್ತದೆ. ಅದಕ್ಕೇ ತೆಗೆಸಬೇಕು.

ಸೂಜಿಯ ಭಯ ಬಿಡಿ. ಈ ಸೂಜಿ ಪರೀಕ್ಷೆಗೆ ಎಫ್‌ಎನ್‌ಎಸಿ ಎನ್ನುತ್ತಾರೆ. ಎಫ್‌ಎನ್‌ಎಸಿಗೆ ಬಳಸುವುದು ರಕ್ತ ತೆಗೆಯುವುದಕ್ಕಿಂತ ದಪ್ಪವೇನೂ ಅಲ್ಲದ ಸೂಜಿ. ಒಂದಿಷ್ಟು ಜೀವಕೋಶ ಎಳೆದು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಅದರಿಂದ ಕ್ಯಾನ್ಸರ್ ಹುಟ್ಟುವುದಿಲ್ಲ, ಹರಡುವುದೂ ತೀರಾ ಅಪರೂಪ. ನಾನು ಹೆದರುವುದು ಬೇರೆಯದಕ್ಕೆ: ‘ಸಣ್ಣ ಗಂಟು, ಹತ್ತು ನಿಮಿಷದ ಕೆಲಸ’ ಎಂದು ಗಂಟನ್ನಷ್ಟೇ ಬಗೆದು ತೆಗೆಯುವವರಿಗೆ. ಅಡಿನೋಮಾದ ಹೊದಿಕೆ ಒಡೆದು ಚೂರು ಉಳಿದರೆ, ಎಷ್ಟೋ ವರ್ಷದ ಮೇಲೆ ಅದೇ ಜಾಗದಲ್ಲಿ ಒಂದರ ಬದಲು ಹಲವು ಗಂಟು ಏಳುತ್ತವೆ. ಎರಡನೇ ಆಪರೇಷನ್ನು ಮೊದಲಿನದಕ್ಕಿಂತ ಬಹಳ ಕಷ್ಟ.

ಯಾಕೆ ಕಷ್ಟವೆಂದರೆ, ಮುಖ ಆಡಿಸುವ ನರ ಈ ಗ್ರಂಥಿಯ ಒಳಗಿಂದಲೇ ಹಾದುಹೋಗುತ್ತದೆ. ನಿಮ್ಮ ಅಂಗೈಯ ಬುಡವನ್ನು ಕಿವಿ ಹಾಲೆಯ ಹತ್ತಿರ ಇಟ್ಟು ಬೆರಳು ಅಗಲಿಸಿ ಕೆನ್ನೆಯ ಮೇಲೆ ಚಾಚಿ. ಹೆಚ್ಚುಕಡಿಮೆ ಹಾಗೆಯೇ ಅದು ಐದು ಕವಲಾಗಿ ಹಣೆ, ಕಣ್ಣು, ಕೆನ್ನೆ, ತುಟಿ, ಕುತ್ತಿಗೆಗೆ ಹೋಗುತ್ತದೆ. ಸರ್ಜನ್ ಮೊದಲು ನರವನ್ನು ಹುಡುಕಿ, ಅದನ್ನು ಉಳಿಸಿಕೊಂಡು, ಗಡ್ಡೆಯನ್ನು ಸುತ್ತಲಿನ ಗ್ರಂಥಿಯ ಸಮೇತ ತೆಗೆಯಬೇಕು. ಆದ್ದರಿಂದ ಡಾಕ್ಟರನ್ನು ನೇರವಾಗಿ ಕೇಳಿ: ‘ಪರೋಟಿಡ್ ಆಪರೇಷನ್ ನೀವು ಮಾಡುತ್ತಿರುತ್ತೀರಾ? ನರ ಉಳಿಯುತ್ತದಾ?’ ಈ ಪ್ರಶ್ನೆಗೆ ಮುಖ ಗಂಟಿಕ್ಕುವವರ ಹತ್ತಿರ ಮಾಡಿಸಬೇಡಿ.

ಇವತ್ತು ರಾತ್ರಿ ಬೆಳಕಿನಲ್ಲಿ ಯಜಮಾನರನ್ನು ಎದುರು ಕೂರಿಸಿಕೊಳ್ಳಿ. ಹುಬ್ಬು ಏರಿಸಲಿ, ಕಣ್ಣು ಬಿಗಿಯಾಗಿ ಮುಚ್ಚಲಿ, ಹಲ್ಲು ಕಿರಿಯಲಿ, ಕೆನ್ನೆ ಉಬ್ಬಿಸಲಿ. ಬಲಗಡೆ ಎಲ್ಲಾದರೂ ಸೋತಂತೆ ಕಂಡರೆ, ಗಂಟು ಅಲುಗಾಡದೆ ಕಚ್ಚಿಕೊಂಡಿದ್ದರೆ, ಈಚೆಗೆ ಬೇಗ ಬೆಳೆದಿದ್ದರೆ, ಕುತ್ತಿಗೆಯಲ್ಲಿ ಮತ್ತೆ ಗಂಟು ಸಿಕ್ಕರೆ ನಾಳೆಯೇ ಹೊರಡಿ. ಬಾಯಿ ಸೊಟ್ಟಗಾದ ಕೂಡಲೇ ‘ವಾಯು ಹೊಡೆದಿದೆ’ ಎಂದು ತಿಂಗಳುಗಟ್ಟಲೆ ಎಣ್ಣೆ ತಿಕ್ಕಿಸಿಕೊಂಡು, ಗಂಟನ್ನು ಶರ್ಟಿನ ಕಾಲರಿನಲ್ಲಿ ಮುಚ್ಚಿಕೊಂಡು ಬಂದವರನ್ನು ನೋಡಿದಾಗ ನನಗೆ ಬಹಳ ಸಂಕಟವಾಗುತ್ತದೆ.

ಬೀಡಿ, ಹೊಗೆಸೊಪ್ಪು ಮುಟ್ಟಿದವರಲ್ಲ ಎಂದು ಬರೆದಿದ್ದೀರಿ. ಬಾಯಿ ಕ್ಯಾನ್ಸರ್ ಬೇರೆ, ಇದು ಬೇರೆ. ಹೊಗೆಸೊಪ್ಪಿಗೂ ಜೊಲ್ಲು ಗ್ರಂಥಿಯ ಕ್ಯಾನ್ಸರಿಗೂ ಅಂಥ ಗಟ್ಟಿ ನಂಟಿಲ್ಲ. ಹಿಂದೆ ತಲೆ-ಕುತ್ತಿಗೆಗೆ ರೇಡಿಯೇಷನ್ ಆಗಿದ್ದವರಿಗೆ ಅಪಾಯ ಹೆಚ್ಚು. ಮಿಕ್ಕ ಬಹುಪಾಲು ಜನರಲ್ಲಿ ಇಂಥದ್ದೇ ಕಾರಣ ಎಂದು ತೋರಿಸಲಾಗುವುದಿಲ್ಲ. ಯಜಮಾನರದು ಯಾವ ತಪ್ಪೂ ಇಲ್ಲ, ಅದನ್ನು ಅವರಿಗೆ ಹೇಳಿ.

ಒಂದು ವೇಳೆ ಕ್ಯಾನ್ಸರ್ ಎಂದೇ ಬಂದರೂ ಇದರಲ್ಲಿ ಹಲವು ಬಗೆ. ಹೆಚ್ಚು ಕಾಣುವ ಮ್ಯೂಕೋಎಪಿಡರ್ಮಾಯ್ಡ್‌ನಲ್ಲಿ ಮೆತ್ತಗಿನದೂ ಇದೆ, ಉಗ್ರವಾದುದೂ ಇದೆ. ಮೆತ್ತಗಿನದು ಬೇಗ ಸಿಕ್ಕರೆ ಬರೀ ಆಪರೇಷನ್ನಿನಲ್ಲೇ ಮುಗಿಯಬಹುದು. ಅಡಿನಾಯ್ಡ್ ಸಿಸ್ಟಿಕ್ ಎಂಬುದು ನಿಧಾನ, ಆದರೆ ನರದ ಗುಂಟ ಹರಿಯುತ್ತದೆ, ಎಷ್ಟೋ ವರ್ಷದ ಮೇಲೆ ಶ್ವಾಸಕೋಶದಲ್ಲೂ ಕಾಣಿಸಿಕೊಳ್ಳುವುದುಂಟು. ಹಾಗಾಗಿ ಚೆಕಪ್ ತಪ್ಪಿಸುವಂತಿಲ್ಲ. ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ವೆಚ್ಚ ಸಿಗುತ್ತದೆ. ರೇಷನ್ ಕಾರ್ಡು, ಆಧಾರ್ ಜೊತೆಗಿಟ್ಟುಕೊಂಡು ಹಾಸನದ ಸರ್ಕಾರಿ ಆಸ್ಪತ್ರೆಯ ಇಎನ್‌ಟಿ ವಿಭಾಗದಿಂದಲೇ ಶುರುಮಾಡಿ. ಅಗತ್ಯಬಿದ್ದರೆ ಬೆಂಗಳೂರಿನ ಕಿದ್ವಾಯಿಗೆ ಅವರೇ ಬರೆದುಕೊಡುತ್ತಾರೆ.

ಪ್ರಶ್ನೆ: ಮೇಡಂ, ನನಗೆ 28. ಊಟಕ್ಕೆ ಕೂತರೆ ದವಡೆ ಕೆಳಗೆ ಉಬ್ಬಿ ನೋಯುತ್ತದೆ, ಒಂದೆರಡು ಗಂಟೆಯಲ್ಲಿ ಇಳಿಯುತ್ತದೆ. ಉಪ್ಪಿನಕಾಯಿ ನೆಕ್ಕಿದರೂ ಹಾಗೇ. ಕ್ಯಾನ್ಸರ್ ಇರಬಹುದೇ?
– ಓದುಗ, ಚಿಕ್ಕಮಗಳೂರು

ಉತ್ತರ: ಊಟದ ಹೊತ್ತಿಗೇ ಉಬ್ಬಿ ಆಮೇಲೆ ಇಳಿಯುವುದು ಜೊಲ್ಲಿನ ನಾಳದಲ್ಲಿ ಕಲ್ಲು ಕೂತಿರುವ ಲಕ್ಷಣ. ಹುಳಿ ಬಿದ್ದಾಗ ಜೊಲ್ಲು ಸುರಿಯುತ್ತದೆ, ಹೊರಬರಲು ದಾರಿಯಿಲ್ಲದೆ ಗ್ರಂಥಿ ಬಿಗಿಯುತ್ತದೆ. ನೀರು ಚೆನ್ನಾಗಿ ಕುಡಿಯಿರಿ, ಒಂದು ಅಲ್ಟ್ರಾಸೌಂಡ್ ಮಾಡಿಸಿ. ಜ್ವರ, ಕೀವು ಕಂಡರೆ ತಡಮಾಡಬೇಡಿ. ಊಟಕ್ಕೆ ಸಂಬಂಧವಿಲ್ಲದೆ ಸದಾ ನಿಲ್ಲುವ ಗಟ್ಟಿ ಗಂಟಾದರೆ ಮಾತ್ರ ಲೆಕ್ಕ ಬೇರೆ. ದವಡೆ ಕೆಳಗಿನ ಗ್ರಂಥಿಯ ಗಡ್ಡೆಗಳಲ್ಲಿ ಹೆಚ್ಚುಕಡಿಮೆ ಅರ್ಧ ಕ್ಯಾನ್ಸರ್ ಆಗಿರುತ್ತವೆ, ಅದಕ್ಕೆ ಸೂಜಿ ಪರೀಕ್ಷೆ ಬೇಕೇಬೇಕು.

ಪ್ರಶ್ನೆ: ಅಮ್ಮನಿಗೆ ಪರೋಟಿಡ್ ಆಪರೇಷನ್ ಆಗಿ ರೇಡಿಯೇಷನ್ ಮುಗಿದಿದೆ. ಬಾಯಿ ಒಣಗುತ್ತದೆ, ಊಟ ಮಾಡುವಾಗ ಆ ಕಡೆಯ ಕೆನ್ನೆ ಬೆವರುತ್ತದೆ. ಕಾಯಿಲೆ ಮರುಕಳಿಸಿತೇ?
– ಮಗಳು, ಅರಸೀಕೆರೆ

ಉತ್ತರ: ಇಲ್ಲಮ್ಮಾ. ತುಂಡಾದ ಜೊಲ್ಲಿನ ನರದ ಎಳೆಗಳು ಬೆವರಿನ ಗ್ರಂಥಿಗೆ ಹೋಗಿ ಸೇರಿಕೊಂಡಾಗ ಊಟದ ಹೊತ್ತಿಗೆ ಕೆನ್ನೆ ಹೀಗೆ ಬೆವರುತ್ತದೆ. ಬಹಳ ತೊಂದರೆಯಾದರೆ ಚಿಕಿತ್ಸೆ ಇದೆ. ಬಾಯಿ ಒಣಗುವುದನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ, ಜೊಲ್ಲು ಕಡಿಮೆಯಾದರೆ ಹಲ್ಲು ಬೇಗ ಹುಳುಕಾಗುತ್ತವೆ. ಫ್ಲೋರೈಡ್ ಪೇಸ್ಟ್ ಬಳಸಲಿ, ಆಗಾಗ ಗುಟುಕು ನೀರು ಕುಡಿಯಲಿ, ಮುದ್ದೆಗೆ ಸಾರು ಧಾರಾಳವಾಗಿರಲಿ, ಖಾರ ಕಡಿಮೆ ಮಾಡಿ. ಹಲ್ಲು ಕೀಳಿಸುವ ಸಂದರ್ಭ ಬಂದರೆ ರೇಡಿಯೇಷನ್ ಆಗಿದೆ ಎಂದು ದಂತವೈದ್ಯರಿಗೆ ಮೊದಲೇ ತಿಳಿಸಿ. ರೇಡಿಯೇಷನ್ ಬಿದ್ದ ದವಡೆ ಮೂಳೆಯ ಗಾಯ ಸುಲಭವಾಗಿ ಮಾಯುವುದಿಲ್ಲ.