ಕೆಲಸಕ್ಕೆಂದು ಜೂನ್‌ನಲ್ಲಿ ಎರಡು ವಾರ ಮ್ಯೂನಿಕ್‌ಗೆ ಹೋಗುತ್ತಿದ್ದೇನೆ. ಹಗಲೆಲ್ಲಾ ಆಫೀಸು. ಅಲ್ಲಿನ ದಿನನಿತ್ಯದ ಬದುಕಿನ ಫೋಟೋ ತೆಗೆಯಲು ಸಮಯ ಸಿಗುತ್ತಾ?

ಖಂಡಿತ ಸಿಗುತ್ತದೆ. ಜೂನ್‌ನಲ್ಲಿ ಅಲ್ಲಿ ಸೂರ್ಯ ಮುಳುಗುವುದೇ ರಾತ್ರಿ 9 ಗಂಟೆ ದಾಟಿದ ಮೇಲೆ. ಆಫೀಸ್ ಮುಗಿಸಿ ನೇರ ಇಸಾರ್ ನದಿ ದಂಡೆಗೆ ಹೋಗಿ. ಜನ ಬೆಣಚುಕಲ್ಲುಗಳ ಮೇಲೆ ಕೂತು ಹರಟುತ್ತಿರುತ್ತಾರೆ, ಇಳಿಬಿಸಿಲು ನೀರಿನ ಮೇಲೆ ಬಿದ್ದಿರುತ್ತದೆ. ನನಗೆ ಆ ಊರಿನಲ್ಲಿ ತುಂಬಾ ಇಷ್ಟವಾದ ಬೆಳಕು ಅದು. ಡಿಸೆಂಬರ್ ಆಗಿದ್ದರೆ ಸಂಜೆ ನಾಲ್ಕೂವರೆಗೆಲ್ಲಾ ಕತ್ತಲು!

ಶನಿವಾರ ಬೆಳಿಗ್ಗೆ ತರಕಾರಿ, ತಿನಿಸುಗಳ ಮಾರುಕಟ್ಟೆಯಾದ ವಿಕ್ಟುಆಲಿಯನ್‌ಮಾರ್ಕ್ಟ್‌ಗೆ ಹೋಗಿ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಬಿಳಿ ಆಸ್ಪರಾಗಸ್ ಎಂಬ ತರಕಾರಿಯ ಸುಗ್ಗಿ ಜೂನ್ 24ಕ್ಕೆ ಮುಗಿಯುತ್ತದೆ, ಅದಕ್ಕೆ ಮೊದಲೇ ಹೋದರೆ ಒಳ್ಳೆಯದು. ಬೆರಳು ದಪ್ಪದ ಆ ದಂಟುಗಳನ್ನು ಕಟ್ಟು ಕಟ್ಟಿ ಜೋಡಿಸಿರುತ್ತಾರೆ. ಸುಮ್ನೆ ದೂರದಿಂದ ಜೂಮ್ ಮಾಡಬೇಡಿ. ಏನಾದರೂ ಕೊಂಡು, ಎರಡು ಮಾತಾಡಿ, ಆಮೇಲೆ ಕೇಳಿ ತೆಗೆಯಿರಿ. ಮುಖ ಬೇಡ ಅಂದರೆ ತೂಕ ಹಾಕುವ ಕೈಗಳೇ ಸಾಕು, ಎಷ್ಟೋ ಸಲ ಅದೇ ಚೆನ್ನಾಗಿ ಬರುತ್ತದೆ.

ಇನ್ನೊಂದು ಮುಖ್ಯ ವಿಷಯ. ಗುರುತು ಸಿಗುವಂಥ ಫೋಟೋ ಪ್ರಕಟಿಸಲು ಆ ವ್ಯಕ್ತಿಯ ಒಪ್ಪಿಗೆ ಬೇಕು ಎಂಬ ಕಾನೂನು ಜರ್ಮನಿಯಲ್ಲಿ 1907ರಿಂದಲೇ ಇದೆ. ನದಿಯ ನೋಟದಲ್ಲಿ ಜನ ಸಣ್ಣದಾಗಿ ಕಂಡರೆ ತೊಂದರೆಯಿಲ್ಲ. ಮಕ್ಕಳ ಫೋಟೋವನ್ನಂತೂ ತಂದೆ ತಾಯಿಯನ್ನು ಕೇಳದೆ ತೆಗೆಯಲೇಬೇಡಿ.