ನ್ಯಾಚೆಜ್‌ಗೆ ಹೊರಟವರ ಪ್ರಶ್ನೆಗಳು: ಏನು ತಿನ್ನೋದು, ಏನು ನೋಡೋದು?

ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಮಕ್ಕಳಿರುವ ಓದುಗರು ಜಾಸ್ತಿಯಾಗಿದ್ದಾರೆ ಅಂತ ಕಾಣುತ್ತೆ. ಈ ಸಲ ಮಿಸಿಸಿಪ್ಪಿ ನದಿ ದಂಡೆಯ ನ್ಯಾಚೆಜ್ ಊರಿನ ಬಗ್ಗೆಯೇ ಹಲವು ಪ್ರಶ್ನೆ ಬಂದಿವೆ. ಒಟ್ಟಿಗೆ ಉತ್ತರಿಸಿಬಿಡೋಣ.

ಪ್ರಶ್ನೆ: ಮಗಳು ಅಳಿಯ ಹ್ಯೂಸ್ಟನ್‌ನಲ್ಲಿದ್ದಾರೆ. ಮಾರ್ಚ್ ಕೊನೆಗೆ ನಾವಿಬ್ಬರೂ ಹೋಗುತ್ತಿದ್ದೇವೆ. ನ್ಯೂ ಆರ್ಲಿಯನ್ಸ್ ನೋಡೋದು ಗ್ಯಾರಂಟಿ. ಅಲ್ಲಿಂದ ನ್ಯಾಚೆಜ್‌ಗೂ ಹೋಗಿಬರೋಣ ಅಂತಾರೆ ಅಳಿಯ. ಹಳೇ ಬಂಗಲೆ ಬಿಟ್ಟರೆ ಅಲ್ಲೇನಿದೆ? ಬೆಳಿಗ್ಗೆ ಹೋಗಿ ಸಂಜೆ ಬಂದರೆ ಸಾಕಾ? (ಓದುಗರು, ದಾವಣಗೆರೆ)

ಅಳಿಯಂದಿರ ಮಾತು ಕೇಳಿ. ಆದರೆ ಬೆಳಿಗ್ಗೆ ಹೋಗಿ ಸಂಜೆ ಬರೋ ಯೋಚನೆ ಬಿಡಿ. ನ್ಯೂ ಆರ್ಲಿಯನ್ಸ್‌ನಿಂದ ಕಾರಲ್ಲಿ ಹೆಚ್ಚುಕಡಿಮೆ ಮೂರು ಗಂಟೆ ದಾರಿ, ರೈಲು ಇಲ್ಲ. ಆರು ಗಂಟೆ ಕಾರಲ್ಲೇ ಕೂತರೆ ಊರು ನೋಡೋದು ಯಾವಾಗ? ಒಂದು ರಾತ್ರಿ ಉಳಿಯಿರಿ.

ಊರು ಇರುವುದು ನದಿಯಿಂದ ಸುಮಾರು 200 ಅಡಿ ಮೇಲೆ, ಮಣ್ಣಿನ ದಿಬ್ಬದ ತುದಿಯಲ್ಲಿ. 1716ರಲ್ಲಿ ಫ್ರೆಂಚರು ಇಲ್ಲಿ ಕೋಟೆ ಕಟ್ಟಿದರು, ಆಮೇಲೆ ಇಂಗ್ಲಿಷರು, ಸ್ಪೇನಿನವರು, ಕೊನೆಗೆ ಅಮೆರಿಕ. ಅವರೆಲ್ಲರಿಗಿಂತ ಮುಂಚೆ ಇದ್ದವರು ನ್ಯಾಚೆಜ್ ಮೂಲನಿವಾಸಿಗಳು. 1729ರಲ್ಲಿ ಅವರು ಫ್ರೆಂಚರ ಮೇಲೆ ತಿರುಗಿಬಿದ್ದರು, ಫ್ರೆಂಚರು ಅವರನ್ನು ಊರಿಂದಲೇ ಓಡಿಸಿಬಿಟ್ಟರು. ಅವರ ದಿಬ್ಬಗಳಿರುವ ಗ್ರ್ಯಾಂಡ್ ವಿಲೇಜ್ ಊರೊಳಗೇ ಇದೆ, ಒಂದು ಗಂಟೆ ಸಾಕು.

ಬಂಗಲೆಗಳು ಬಂದದ್ದು ಹತ್ತಿ ದುಡ್ಡಿನಿಂದ. ಅಮೆರಿಕದ ಉತ್ತರ, ದಕ್ಷಿಣ ರಾಜ್ಯಗಳ ಅಂತರ್ಯುದ್ಧದಲ್ಲಿ ಇದೇ ನದಿಯ ಮೇಲಿನ ವಿಕ್ಸ್‌ಬರ್ಗ್ 1863ರಲ್ಲಿ 47 ದಿನ ಮುತ್ತಿಗೆ ತಡೆದುಕೊಂಡು ಚಿಂದಿಯಾಯಿತು. ನ್ಯಾಚೆಜ್ ಸುಮ್ನೆ ಶರಣಾಯಿತು. ಹಾಗಾಗಿ ಮನೆಗಳು ಉಳಿದವು. ನೀವು ಹೋಗುವ ಹೊತ್ತಿಗೆ ಅಜೇಲಿಯಾ ಹೂ ಬಿಟ್ಟಿರುತ್ತೆ, ಸ್ಪ್ರಿಂಗ್ ಪಿಲ್ಗ್ರಿಮೇಜ್ ಕೂಡ ನಡೀತಿರುತ್ತೆ. 1932ರಿಂದ ಇರುವ ಪದ್ಧತಿ ಇದು, ಜನ ವಾಸ ಮಾಡುವ ಹಳೇ ಮನೆಗಳನ್ನು ಟಿಕೆಟ್ ಮೇಲೆ ತೋರಿಸುತ್ತಾರೆ. ರೂಮ್ ಈಗಲೇ ಬುಕ್ ಮಾಡಿಸಿ, ಆ ವಾರಗಳಲ್ಲಿ ಸಿಗೋದು ಕಷ್ಟ.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು, ಮೊಟ್ಟೆ ಪರವಾಗಿಲ್ಲ. ಮಗ ಮಾತ್ರ ಎಲ್ಲ ತಿನ್ನುತ್ತಾನೆ. ದಕ್ಷಿಣದ ಕಡೆ ತರಕಾರಿಗೂ ಹಂದಿ ಮಾಂಸ ಹಾಕುತ್ತಾರಂತೆ, ನಿಜವೇ? ಎರಡು ದಿನ ಬ್ರೆಡ್ ತಿಂದುಕೊಂಡು ಇರಬೇಕಾ? (ಓದುಗರು, ಶಿವಮೊಗ್ಗ)

ನಿಜ, ಹಾಕುತ್ತಾರೆ. ಅಲ್ಲಿ ಕಾಲರ್ಡ್ ಗ್ರೀನ್ಸ್ ಅಂತ ದಪ್ಪ ಎಲೆಯ ಸೊಪ್ಪು ಸಿಗುತ್ತೆ, ನೋಡಿದರೆ ಸೊಪ್ಪಿನ ಪಲ್ಯವೇ, ಆದರೆ ಬೇಯಿಸುವಾಗ ಹ್ಯಾಮ್, ಅಂದರೆ ಹಂದಿ ಮಾಂಸದ ತುಂಡು ಬಿದ್ದಿರುತ್ತೆ. ರಾಜ್ಮಾ ಅನ್ನದ ಹಾಗೆ ಕಾಣುವ ರೆಡ್ ಬೀನ್ಸ್ ಅಂಡ್ ರೈಸ್‌ನಲ್ಲಿ ಸಾಸೇಜ್ ಇರುತ್ತೆ. ಮೆಕ್ಕೆಜೋಳದ ಹಿಟ್ಟಿನ ಕಾರ್ನ್‌ಬ್ರೆಡ್ ಬಾಣಲೆಗೆ ಕೆಲವರು ಬೇಕನ್ ಜಿಡ್ಡು, ಅದೂ ಹಂದಿಯದೇ, ಸವರುತ್ತಾರೆ. ಹೋಟೆಲಲ್ಲಿ ಸುಮ್ನೆ ‘ವೆಜಿಟೇರಿಯನ್’ ಅಂದರೆ ಸಾಲದು. ‘ಹ್ಯಾಮ್, ಬೇಕನ್, ಲಾರ್ಡ್, ಚಿಕನ್ ಸ್ಟಾಕ್ ಇದೆಯಾ’ ಅಂತ ಒಂದೊಂದೇ ಹೆಸರು ಹಿಡಿದು ಕೇಳಿ. ಲಾರ್ಡ್ ಅಂದರೆ ಹಂದಿ ಕೊಬ್ಬು, ಚಿಕನ್ ಸ್ಟಾಕ್ ಅಂದರೆ ಕೋಳಿ ಬೇಯಿಸಿದ ನೀರು. ಬೇಜಾರು ಮಾಡಿಕೊಳ್ಳಲ್ಲ ಅಲ್ಲಿನವರು, ಒಳಗೆ ಹೋಗಿ ಅಡುಗೆಯವರನ್ನೇ ಕೇಳಿಕೊಂಡು ಬಂದು ಹೇಳುತ್ತಾರೆ.

ಇಷ್ಟು ಹೇಳಿದ ಮೇಲೆ ಒಳ್ಳೇ ಸುದ್ದಿ. ಬೆಂಡೆಕಾಯಿ ಅಲ್ಲಿ ಎಲ್ಲ ಕಡೆ ಇದೆ. ಆಫ್ರಿಕಾದಿಂದ ಬಂದ ತರಕಾರಿ, ದಕ್ಷಿಣದ ಅಡುಗೆಯಲ್ಲಿ ಬೇರು ಬಿಟ್ಟಿದೆ. ಸಣ್ಣಗೆ ಹೆಚ್ಚಿ, ಮೆಕ್ಕೆಜೋಳದ ಹಿಟ್ಟಲ್ಲಿ ಹೊರಳಿಸಿ, ಗರಿಗರಿಯಾಗಿ ಕರಿಯುತ್ತಾರೆ. ಲೋಳೆ ಅನ್ನೋದೇ ಗೊತ್ತಾಗಲ್ಲ. ಹಸಿರು ಟೊಮೇಟೊ ಬಿಲ್ಲೆಗಳನ್ನೂ ಹಾಗೇ ಕರಿಯುತ್ತಾರೆ, ಹೊರಗೆ ಗರಿ, ಒಳಗೆ ಹುಳಿ ರಸ. ಆದರೆ ಅದೇ ಎಣ್ಣೆಯಲ್ಲಿ ಕ್ಯಾಟ್‌ಫಿಶ್ ಮೀನನ್ನೂ ಕರಿದಿರಬಹುದು. ನಿಮ್ಮ ಮಡಿ ಎಲ್ಲಿಯವರೆಗೆ ಅಂತ ನೀವೇ ತೀರ್ಮಾನಿಸಿ, ನಾನು ನಡುವೆ ಬರಲ್ಲ.

ಬೆಳಗಿನ ತಿಂಡಿಗೆ ಗ್ರಿಟ್ಸ್, ಅಂದರೆ ಬಿಳಿ ಮೆಕ್ಕೆಜೋಳದ ದಪ್ಪ ರವೆಯ ಗಂಜಿ. ಮೇಲೆ ಬೆಣ್ಣೆ, ಚೀಸ್ ಹಾಕುತ್ತಾರೆ, ಸಪ್ಪೆ ಅನಿಸುತ್ತೆ. ಬ್ಯಾಗಲ್ಲಿ ಉಪ್ಪಿನಕಾಯಿ ಇದ್ದರೆ ಆಗ ಹೊರಗೆ ತೆಗೆಯಿರಿ. ಜತೆಗೆ ಬಿಸಿ ಬಿಸ್ಕಿಟ್, ನಮ್ಮ ಗಟ್ಟಿ ಬಿಸ್ಕಿಟ್ ಅಲ್ಲ. ಮೆತ್ತಗೆ, ಪದರ ಪದರವಾಗಿ, ಬೆಣ್ಣೆ ಜಾಮ್ ಸವರಿಕೊಂಡು ತಿನ್ನೋದು. ನ್ಯಾಚೆಜ್‌ನವರು ತಮ್ಮ ಊರನ್ನು ಜಗತ್ತಿನ ಬಿಸ್ಕಿಟ್ ರಾಜಧಾನಿ ಅಂತಲೇ ಕರೆದುಕೊಂಡಿದ್ದಾರೆ. ಬೆಣ್ಣೆಯಲ್ಲಿ ಮಾಡಿದ್ದಾ, ಹಂದಿ ಕೊಬ್ಬಲ್ಲಿ ಮಾಡಿದ್ದಾ ಅಂತ ಮೊದಲೇ ಕೇಳಿಬಿಡಿ. ಸಿಹಿಗೆ ಪೆಕನ್ ಅನ್ನೋ ಬೀಜ ಹಾಕಿದ ಪೈ. ಕುಡಿಯಲು ಸ್ವೀಟ್ ಟೀ, ಐಸ್ ತುಂಬಿದ ತಣ್ಣನೆ ಟೀ, ಸಕ್ಕರೆ ವಿಪರೀತ. ಅರ್ಧ ಸ್ವೀಟ್, ಅರ್ಧ ಅನ್‌ಸ್ವೀಟ್ ಬೆರೆಸಿ ಕೊಡಿ ಅಂದರೆ ಕೊಡುತ್ತಾರೆ. ನಮ್ಮ ಹಾಲಿನ ಚಹಾ ಬೇಕೇ ಬೇಕು ಅನ್ನುವವರು ಪುಡಿ ಒಯ್ಯಿರಿ.

ಮಗನಿಗೆ ಟಮಾಲೆ ಕೊಡಿಸಿ. ಮೆಕ್ಕೆಜೋಳದ ಹಿಟ್ಟೊಳಗೆ ಖಾರದ ಮಾಂಸ ತುಂಬಿ, ಜೋಳದ ತೆನೆಯ ಸಿಪ್ಪೆಯಲ್ಲಿ ಸುತ್ತಿ ಬೇಯಿಸುತ್ತಾರೆ. ಬಾಳೆಎಲೆ ಕಡುಬಿನ ಹಾಗೆ ಬಿಚ್ಚಿ ತಿನ್ನಬೇಕು, ಸಿಪ್ಪೆ ತಿನ್ನಬಾರದು. ಮೆಕ್ಸಿಕೊ ಕಡೆಯ ತಿನಿಸು ಮಿಸಿಸಿಪ್ಪಿ ಹತ್ತಿ ಹೊಲಗಳ ಕೂಲಿಗಳ ಬುತ್ತಿಯಾಗಿ ಇಲ್ಲೇ ನಿಂತಿದೆ. ಕೆನಾಲ್ ಸ್ಟ್ರೀಟ್‌ನ ಫ್ಯಾಟ್ ಮಾಮಾಸ್ ಟಮಾಲೀಸ್ ಇದಕ್ಕೇ ಹೆಸರು ಮಾಡಿದ ಜಾಗ. ದನದ ಮಾಂಸ ಬೇಡ ಅನ್ನುವವರು ಕೇಳಿ ತಿನ್ನಿ. ದಿಬ್ಬದ ಕೆಳಗೆ ಸಿಲ್ವರ್ ಸ್ಟ್ರೀಟ್‌ನಲ್ಲಿ ಮ್ಯಾಗ್ನೋಲಿಯಾ ಗ್ರಿಲ್ ಇದೆ, ನದಿ ನೋಡುತ್ತಾ ಊಟ ಮಾಡಬಹುದು. ಸಣ್ಣ ಊರು, ಭಾನುವಾರ ಸೋಮವಾರ ಬಾಗಿಲು ಹಾಕುವ ಹೋಟೆಲ್‌ಗಳು ಇರುತ್ತವೆ, ಹೊರಡುವ ಮುಂಚೆ ಒಂದು ಫೋನ್ ಮಾಡಿ. ಬಿಲ್ಲಿನ ಮೇಲೆ ತೆರಿಗೆ ಬೇರೆ, ಟಿಪ್ಸ್ ಬೇರೆ. ನೂರು ಡಾಲರ್ ಊಟಕ್ಕೆ 18ರಿಂದ 20 ಡಾಲರ್ ಟಿಪ್ಸ್ ಇಡೋದು ಅಲ್ಲಿಯ ರೂಢಿ. ನಮಗೆ ಹೊಟ್ಟೆ ಉರಿಯುತ್ತೆ, ಆದರೆ ಬಡಿಸುವವರ ಸಂಪಾದನೆ ಮುಖ್ಯವಾಗಿ ಅದರಿಂದಲೇ.

ಪ್ರಶ್ನೆ: ಅಷ್ಟೊಂದು ಬಂಗಲೆಗಳಲ್ಲಿ ಯಾವುದಕ್ಕೆ ಟಿಕೆಟ್ ತಗೊಳ್ಳೋದು? ಎಲ್ಲ ಒಂದೇ ಥರ ಬಿಳಿ ಕಂಬಗಳು ಕಾಣುತ್ತವೆ. (ಓದುಗರು, ಬೆಂಗಳೂರು)

ಎರಡೇ ನೋಡಿ. ಮೂರನೆಯದಕ್ಕೆ ಹೋದರೆ ಗೊಂಚಲು ದೀಪ, ಬೆಳ್ಳಿ ಪಾತ್ರೆ ಎಲ್ಲ ಕಲಸಿಹೋಗುತ್ತೆ.

ಮೊದಲನೆಯದು ಲಾಂಗ್‌ವುಡ್. ಎಂಟು ಮೂಲೆಯ ಇಟ್ಟಿಗೆ ಮನೆ, ತಲೆ ಮೇಲೆ ದೊಡ್ಡ ಗುಮ್ಮಟ. ಹತ್ತಿ ಸಾಹುಕಾರ ಹಾಲರ್ ನಟ್ 1860ರಲ್ಲಿ ಕಟ್ಟಿಸಲು ಶುರು ಮಾಡಿದ. ಮುಂದಿನ ವರ್ಷ ಯುದ್ಧ ಬಂತು, ಉತ್ತರದಿಂದ ಬಂದಿದ್ದ ಕುಶಲಕರ್ಮಿಗಳು ಕೆಲಸ ಬಿಟ್ಟು ಊರಿಗೆ ಹೋದರು. 32 ಕೋಣೆಗಳಲ್ಲಿ ಮುಗಿದದ್ದು ಕೆಳಮನೆಯ 9 ಮಾತ್ರ. 1864ರಲ್ಲಿ ನಟ್ ತೀರಿಕೊಂಡ, ಮನೆಯವರು ಆ ಒಂಬತ್ತರಲ್ಲೇ ಬದುಕಿದರು. ಕೆಳಗೆ ಸೋಫಾ, ಪರದೆ ಎಲ್ಲ ಇದೆ. ಮೆಟ್ಟಿಲು ಹತ್ತಿ ಮೇಲೆ ಹೋದರೆ ಗಾರೆ ಕಾಣದ ಇಟ್ಟಿಗೆ, ಬರೀ ಮರದ ತೊಲೆ, ಕತ್ತೆತ್ತಿದರೆ ಗುಮ್ಮಟದವರೆಗೂ ಖಾಲಿ. ಕೆಲಸದವರು ಬಿಟ್ಟುಹೋದ ಸಾಮಾನು ಇನ್ನೂ ಅಲ್ಲೇ ಇದೆ.

ಎರಡನೆಯದು ಮೆಲ್ರೋಸ್, 1840ರ ದಶಕದ್ದು, ಈಗ ಸರ್ಕಾರದ ನ್ಯಾಷನಲ್ ಪಾರ್ಕ್ ಸರ್ವಿಸ್ ಕೈಯಲ್ಲಿದೆ. ಊಟದ ಕೋಣೆಯಲ್ಲಿ ಮೇಜಿನ ಮೇಲೆ ಸೂರಿನಿಂದ ಒಂದು ದೊಡ್ಡ ಮರದ ಪಂಖಾ ತೂಗುತ್ತೆ. ನಮ್ಮಲ್ಲಿ ಬ್ರಿಟಿಷ್ ಸಾಹೇಬರ ಕಚೇರಿಗಳಲ್ಲಿ ಇತ್ತಲ್ಲ, ಅದೇ. ಹಗ್ಗ ಹಿಡಿದು ಎಳೆಯುತ್ತಿದ್ದದ್ದು ಗುಲಾಮರ ಮಕ್ಕಳು. ಅತಿಥಿಗಳ ಊಟ ಮುಗಿಯೋವರೆಗೂ ಎಳೀತಾ ನಿಂತಿರಬೇಕು. ಮನೆ ಹಿಂದೆ ಗುಲಾಮರ ಮನೆಗಳೂ ಉಳಿದಿವೆ. ಅವನ್ನು ನೋಡದೆ ಹೊರಡಬೇಡಿ.

ಪ್ರಶ್ನೆ: ಬಂಗಲೆಗಳನ್ನು ಹೊಗಳುತ್ತಾರೆ, ಆದರೆ ಅದನ್ನು ಕಟ್ಟಿದವರ ಕಥೆ ಯಾರಾದರೂ ಹೇಳುತ್ತಾರಾ? ನಾನು ಅಟ್ಲಾಂಟಾದಲ್ಲಿ ಎಂ.ಎಸ್. ಓದುತ್ತಿದ್ದೇನೆ, ಗೆಳೆಯರ ಜತೆ ಹೋಗಬೇಕು ಅಂದುಕೊಂಡಿದ್ದೇನೆ. (ವಿದ್ಯಾರ್ಥಿನಿ)

ಒಳ್ಳೇ ಪ್ರಶ್ನೆ. ನನ್ನ ಕೇಳಿದರೆ ಈ ಊರಿಗೆ ಹೋಗೋದೇ ಇದಕ್ಕೋಸ್ಕರ. ಫೋರ್ಕ್ಸ್ ಆಫ್ ದಿ ರೋಡ್ ಅಂತ ಒಂದು ಕವಲುದಾರಿ ಇದೆ. ನ್ಯೂ ಆರ್ಲಿಯನ್ಸ್ ಬಿಟ್ಟರೆ ಆ ಭಾಗದಲ್ಲೇ ದೊಡ್ಡ ಗುಲಾಮರ ಸಂತೆ ನಡೆಯುತ್ತಿದ್ದದ್ದು ಇಲ್ಲಿ. ವರ್ಜೀನಿಯಾ ಕಡೆಯಿಂದ ಸರಪಳಿ ಹಾಕಿ, ನೂರಾರು ಮೈಲಿ ನಡೆಸಿಕೊಂಡು ಬರುತ್ತಿದ್ದರು. ಈಗ ನೋಡಲು ಹುಲ್ಲು, ಫಲಕ, ಪಕ್ಕದಲ್ಲಿ ಓಡಾಡೋ ಕಾರು, ಅಷ್ಟೇ. ನೆಲದ ಕಾಂಕ್ರೀಟಿನಲ್ಲಿ ಹೂತ ಬೇಡಿಗಳಿವೆ, ಬಗ್ಗಿ ನೋಡಿ. ಟಿಕೆಟ್ ಇಲ್ಲ, ಬಹಳ ಜನ ಕಾರು ನಿಲ್ಲಿಸದೆ ಹೋಗುತ್ತಾರೆ.

ಅಲ್ಲಿಂದ ಸ್ಟೇಟ್ ಸ್ಟ್ರೀಟ್‌ನ ವಿಲಿಯಂ ಜಾನ್ಸನ್ ಮನೆಗೆ ಹೋಗಿ. ಗುಲಾಮನಾಗಿ ಹುಟ್ಟಿ 1820ರಲ್ಲಿ ಬಿಡುಗಡೆಯಾದವನು, ಕ್ಷೌರದ ಅಂಗಡಿ ಇಟ್ಟು ಬೆಳೆದ. 1835ರಿಂದ 1851ರವರೆಗೆ ದಿನಚರಿ ಬರೆದ. ಕುದುರೆ ಪಂದ್ಯ, ಬೀದಿ ಜಗಳ, ಯಾರು ಎಷ್ಟು ಸಾಲ ಬಾಕಿ, ಎಲ್ಲ ಅದರಲ್ಲಿದೆ. ಕ್ಷೌರಿಕನ ಕಿವಿಗೆ ಬೀಳದ ಸುದ್ದಿ ಯಾವ ಊರಲ್ಲಿದೆ ಹೇಳಿ? ಜೀರ್ಣಿಸಿಕೊಳ್ಳೋಕೆ ಕಷ್ಟವಾದ ಸಂಗತಿ ಅಂದರೆ ಅವನ ಹತ್ತಿರವೂ ಗುಲಾಮರಿದ್ದರು. 1851ರಲ್ಲಿ ಜಮೀನಿನ ಗಡಿ ತಕರಾರಿನಲ್ಲಿ ಅವನನ್ನು ಗುಂಡಿಟ್ಟು ಕೊಂದರು. ಆರೋಪಿ ತಾನು ಬಿಳಿಯ ಅಂದ, ಬಿಳಿಯರ ವಿರುದ್ಧ ಕರಿಯರ ಸಾಕ್ಷಿ ನಡೆಯುತ್ತಿರಲಿಲ್ಲ, ಶಿಕ್ಷೆಯೇ ಆಗಲಿಲ್ಲ. ಈ ಮನೆ ನೋಡಿ ಆಮೇಲೆ ಮೆಲ್ರೋಸ್‌ಗೆ ಹೋದರೆ ಅಲ್ಲಿನ ಬೆಳ್ಳಿ ಚಮಚ ಬೇರೆಯೇ ಕಾಣುತ್ತೆ.

ಪ್ರಶ್ನೆ: ಮಂಡಿ ನೋವಿದೆ. ನದಿ ಹತ್ತಿರ ಹೋಗಬಹುದಾ? (ಓದುಗರು, ಹುಬ್ಬಳ್ಳಿ)

ಹೋಗಬಹುದು. ಸಂಜೆ ದಿಬ್ಬದ ಮೇಲೆ ಬೆಂಚಿನಲ್ಲಿ ಕೂತರೆ ಎದುರಿಗೆ ನದಿ, ಆಚೆ ದಡ ಲೂಸಿಯಾನಾ ರಾಜ್ಯ, ಸೂರ್ಯ ಮುಳುಗೋದೂ ಅಲ್ಲೇ. ದಾರಿ ಸಮತಟ್ಟು. ಕೆಳಗಿನ ‘ಅಂಡರ್ ದಿ ಹಿಲ್’ಗೆ ಮಾತ್ರ ಕಡಿದಾದ ಇಳಿಜಾರು, ಕಾರಲ್ಲೇ ಇಳಿಯಿರಿ. ದೋಣಿಯವರು, ಜೂಜುಕೋರರು ತುಂಬಿದ್ದ ಕೇರಿ ಅದು, ಬಹುಭಾಗ ನದಿಯೇ ನುಂಗಿದೆ. 1840ರ ಮೇ 7ರ ಸುಂಟರಗಾಳಿಗೆ ಸತ್ತವರು 317 ಮಂದಿ, ಜಾಸ್ತಿ ಜನ ನದಿಯಲ್ಲಿ ದೋಣಿಗಳ ಮೇಲಿದ್ದವರು. ನೀರಿಗೆ ಮಾತ್ರ ಇಳಿಯಬೇಡಿ, ಸೆಳೆತ ಬಹಳ. ಜುಲೈ ಆಗಸ್ಟ್ ಆದರೆ ಸೊಳ್ಳೆ, ಬೆವರು, ಸೆಕೆ. ಆಗ ಹೋಗದಿದ್ದರೇ ಒಳ್ಳೇದು.

ಪ್ರಶ್ನೆ: ನ್ಯಾಚೆಜ್ ಟ್ರೇಸ್ ರಸ್ತೆ ಪೂರ್ತಿ ಹೋಗಬೇಕಾ? (ಓದುಗರು, ಮೈಸೂರು)

ಪೂರ್ತಿ ಅಂದರೆ ಟೆನೆಸಿ ರಾಜ್ಯದ ನ್ಯಾಶ್ವಿಲ್ ಹತ್ತಿರದವರೆಗೆ 444 ಮೈಲಿ. ಬೇಡ. ಮೊದಲ ಹದಿನೈದು ಮೈಲಿ ಸಾಕು. ಹತ್ತನೇ ಮೈಲಿ ಹತ್ತಿರ ಎಮರಾಲ್ಡ್ ಮೌಂಡ್, ಮೂಲನಿವಾಸಿಗಳು ಮಣ್ಣು ಹೊತ್ತು ಎಬ್ಬಿಸಿದ ಎಂಟು ಎಕರೆ ದಿಬ್ಬ. ಹದಿನೈದರಲ್ಲಿ ಮೌಂಟ್ ಲೋಕಸ್ಟ್, ಹಳೇ ಛತ್ರ. ನದಿಯಲ್ಲಿ ಬಂದು ಸರಕು ಮಾರಿ, ದೋಣಿಯ ಮರವನ್ನೂ ಮಾರಿ, ನಡೆದು ಊರಿಗೆ ಹೋಗುತ್ತಿದ್ದ ದೋಣಿಯವರು ರಾತ್ರಿ ತಂಗುತ್ತಿದ್ದ ಜಾಗ. ರಸ್ತೆಯಲ್ಲಿ ಲಾರಿ ಬಿಡಲ್ಲ, ಬಹುತೇಕ ಕಡೆ ವೇಗ 50 ಮೈಲಿ ಮೀರಬಾರದು. ಆ ದಾರಿಯಲ್ಲಿ ಪೆಟ್ರೋಲ್ ಬಂಕ್ ಇಲ್ಲ, ಊರಲ್ಲೇ ತುಂಬಿಸಿಕೊಂಡು ಹೊರಡಿ.